ಯಾರೂ ಮಾತಾಡಿಸದ ಮಗು



ಮಹಾರಾಷ್ಟ್ರದ ಜತ್ತ ತಾಲೂಕಿನ ಜನರಿಗೆ ತೋಳದ ಪರಿಚಯ ಮಾಡಿಕೊಡಬೇಕಾಗಿಲ್ಲ. ಮಾಡಗ್ಯಾಳದ ಹೆಸರು ಹೊತ್ತ ಕುರಿತಳಿಯ ನಾಡು ಇದು. ಉಬ್ಬುಮೂಗಿನ, ಬಿಳಿ ಮೈಮೇಲೆ ಕಂದು ಮಚ್ಚೆಗಳಿರುವ ಆ ಎತ್ತರದ ಕುರಿಗಳನ್ನು ಹೊಲದಲ್ಲಿ ತರುಬಿ ರಾತ್ರಿ ಕಂಬಳಿ ಹೊದ್ದು ಕಾಯುವವರಿಗೆ ತೋಳದ ನಡೆ, ಹೊಂಚು, ಮರಿ ಹಾಕುವ ಕಾಲ ಎಲ್ಲವೂ ಗೊತ್ತು. ಹಾಗಾಗಿ 'ತೋಳ ಸಾಕಿದ ಮಕ್ಕಳು' ಎಂಬ ಪ್ರಸಿದ್ಧ ವಿಷಯವನ್ನು ಒರೆಗೆ ಹಚ್ಚಿ ನೋಡಲು ಇದಕ್ಕಿಂತ ತಕ್ಕ ಸಭೆ ಸಿಗುವುದು ಕಷ್ಟ.

ಮನುಷ್ಯರ ಸಹವಾಸವಿಲ್ಲದೆ ಬೆಳೆದ ಮಕ್ಕಳು ಸಮಾಜಶಾಸ್ತ್ರದ ಪಠ್ಯಗಳಲ್ಲಿ 'ಸಾಮಾಜೀಕರಣ' ಎಂಬ ಅಧ್ಯಾಯ ಬಂದ ಕೂಡಲೇ ಎದುರಾಗುತ್ತಾರೆ. ಮ್ಯಾಕೈವರ್ ಮತ್ತು ಪೇಜ್ ಬರೆದ 'ಸೊಸೈಟಿ' ಎಂಬ ಗ್ರಂಥ ಜರ್ಮನಿಯ ಕಾಸ್ಪರ್ ಹೌಸರ್, ಬಂಗಾಳದ ತೋಳಮಕ್ಕಳು, ಅಮೆರಿಕದ ಆನಾ ಇವರನ್ನು ಒಟ್ಟಿಗೆ ತಂದು ನಿಲ್ಲಿಸಿತು. ಅಲ್ಲಿಂದ ಅವರು ನಮ್ಮ ಕಾಲೇಜುಗಳ ಗೈಡುಗಳಿಗೂ ನೋಟ್ಸುಗಳಿಗೂ ಇಳಿದುಬಂದು ಇಂದಿಗೂ 'ಟಿಪ್ಪಣಿ ಬರೆಯಿರಿ' ಎಂಬ ಪ್ರಶ್ನೆಗೆ ಉತ್ತರವಾಗಿ ಉಳಿದಿದ್ದಾರೆ.

ಈ ಉಪನ್ಯಾಸಕ್ಕೆ ಹೇಳುವುದಿರುವುದು ಒಂದೇ ಮಾತು. ಈ ಮಕ್ಕಳನ್ನು ಯಾವ ಪ್ರಾಣಿ ಸಾಕಿತು ಎಂದು ಜಗತ್ತು ಬಹುಕಾಲ ಕುತೂಹಲದಿಂದ ಕೇಳಿತು. ಅವರ ಬಳಿ ಇರಬೇಕಾಗಿದ್ದ ಮನುಷ್ಯರು ಎಲ್ಲಿ ಹೋಗಿದ್ದರು ಎಂದು ಕೇಳಿದವರು ಕಡಿಮೆ. ಆ ಎರಡನೆಯ ಪ್ರಶ್ನೆ ಹಿಡಿದು ಹೊರಟರೆ ಕಾಡಿನ ಕಥೆಯಾಗಿದ್ದದ್ದು ಊರಿನ ಕಥೆಯಾಗುತ್ತದೆ. ಮೊದಲು ನಮ್ಮ ದೇಶದ ತೋಳಮಕ್ಕಳನ್ನು ನೋಡೋಣ. ಆಮೇಲೆ ಫ್ರಾನ್ಸಿನ ಒಬ್ಬ ಹುಡುಗ ಮತ್ತು ಅವನನ್ನು ಸಾಕಿದ ಹೆಂಗಸು. ಮೂರನೆಯದಾಗಿ, ಯಾವುದು ತಪ್ಪಿದರೆ ಮಗುವಿನಲ್ಲಿ ಏನು ನಿಂತುಹೋಗುತ್ತದೆ ಎಂಬುದು. ಕೊನೆಗೆ ಈ ಸೀಮೆಯ ಮಕ್ಕಳು.

ತೋಳಮಕ್ಕಳ ವಿಷಯವನ್ನು ಮೊದಲು ವ್ಯವಸ್ಥಿತವಾಗಿ ಬರೆದಿಟ್ಟವರು ವಿಲಿಯಂ ಸ್ಲೀಮನ್. ಠಕ್ಕರ ದಮನದಿಂದ ಹೆಸರಾದ ಈ ಅಧಿಕಾರಿ 1849ರಲ್ಲಿ ಲಖನೌದ ರೆಸಿಡೆಂಟ್ ಆದರು. ಅವಧದ ಹಳ್ಳಿಗಳಲ್ಲಿ ಕೇಳಿದ್ದನ್ನೂ ತಮ್ಮ ಕೈಕೆಳಗಿನ ಅಧಿಕಾರಿಗಳು ಕಂಡದ್ದನ್ನೂ ಸೇರಿಸಿ ಬರೆದ ಕಿರುಹೊತ್ತಿಗೆ 1852ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಲೇಖಕರ ಹೆಸರಿಲ್ಲದೆ ಅಚ್ಚಾಯಿತು. ಸುಲ್ತಾನಪುರದ ಹತ್ತಿರ 1847ರಲ್ಲಿ ತೋಳದ ಮರಿಗಳ ಜೊತೆ ಸಿಕ್ಕಿದನೆನ್ನಲಾದ ಹುಡುಗನ ವೃತ್ತಾಂತ ಅದರಲ್ಲಿದೆ. ಕೈಕಾಲೂರಿ ಓಡುತ್ತಿದ್ದ, ಹಸಿಮಾಂಸ ತಿನ್ನುತ್ತಿದ್ದ, ಮಾತು ಬರುತ್ತಿರಲಿಲ್ಲ. 1850ರಲ್ಲಿ ತೀರಿಕೊಂಡ. ಮುಂದೆ 1867ರಲ್ಲಿ ಬುಲಂದಶಹರದ ಕಡೆಯಿಂದ ಆಗ್ರಾದ ಸಿಕಂದ್ರಾ ಅನಾಥಾಲಯಕ್ಕೆ ಬಂದ ಹುಡುಗನಿಗೆ, ಬಂದ ವಾರದ ಹೆಸರನ್ನೇ ಸೇರಿಸಿ ದೀನಾ ಸನೀಚರ್ ಎಂದು ಕರೆದರು. ಅವನು 1895ರವರೆಗೆ ಬದುಕಿದ್ದ. ಬಟ್ಟೆ ಹಾಕಿಕೊಳ್ಳುವುದನ್ನೂ ತಂಬಾಕು ಸೇದುವುದನ್ನೂ ಕಲಿತ, ಮಾತು ಮಾತ್ರ ಕಲಿಯಲಿಲ್ಲ. ಅವನು ಇನ್ನೂ ಬದುಕಿದ್ದಾಗಲೇ, 1894ರಲ್ಲಿ, ಕಿಪ್ಲಿಂಗರ 'ಜಂಗಲ್ ಬುಕ್' ಹೊರಬಂತು. ಅದರ ಮೌಗ್ಲಿ ಚೂಟಿ, ಮಾತುಗಾರ, ಎಲ್ಲ ಪ್ರಾಣಿಗಳ ಗೆಳೆಯ. ಸಿಕಂದ್ರಾದ ಮೂಕ ಹುಡುಗನಿಗೂ ಈ ನಾಯಕನಿಗೂ ಇರುವ ಅಂತರವನ್ನು ಓದುಗರು ಗಮನಿಸಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಹೆಸರಾದವರು ಮಿಡ್ನಾಪುರದ ಅಮಲಾ ಮತ್ತು ಕಮಲಾ. ಅಲ್ಲಿನ ಅನಾಥಾಲಯದ ಪಾದ್ರಿ ಜೋಸೆಫ್ ಅಮೃತೋಲಾಲ್ ಸಿಂಗ್ ಅವರ ಹೇಳಿಕೆಯ ಪ್ರಕಾರ, 1920ರ ಅಕ್ಟೋಬರಿನಲ್ಲಿ ಗೋದಾಮುರಿ ಎಂಬ ಹಳ್ಳಿಯ ಬಳಿಯ ಗೆದ್ದಲ ಹುತ್ತದಲ್ಲಿ ತೋಳದ ಮರಿಗಳ ಜೊತೆ ಇಬ್ಬರು ಹೆಣ್ಣುಮಕ್ಕಳು ಸಿಕ್ಕರು. ಕಮಲಾಗೆ ಸುಮಾರು ಎಂಟು ವರ್ಷ, ಅಮಲಾಗೆ ಒಂದೂವರೆ. ಅಮಲಾ 1921ರ ಸೆಪ್ಟೆಂಬರಿನಲ್ಲಿ ಸತ್ತಳು. ಕಮಲಾ ನೆಟ್ಟಗೆ ನಿಲ್ಲಲು, ನಡೆಯಲು, ಕೆಲವೇ ಶಬ್ದ ಆಡಲು ಕಲಿತು 1929ರ ನವೆಂಬರಿನಲ್ಲಿ ತೀರಿಕೊಂಡಳು. ಪಾದ್ರಿಯ ದಿನಚರಿ 1942ರಲ್ಲಿ ಅಮೆರಿಕದಲ್ಲಿ ರಾಬರ್ಟ್ ಜಿಂಗ್ ಅವರ ಜೊತೆಗೂಡಿ ಪುಸ್ತಕವಾಯಿತು. ಯೇಲ್ ವಿಶ್ವವಿದ್ಯಾಲಯದ ಮಕ್ಕಳ ತಜ್ಞ ಆರ್ನಲ್ಡ್ ಗೆಸೆಲ್ ಅದಕ್ಕೂ ಮೊದಲೇ, 1941ರಲ್ಲಿ, ಕಮಲಾಳ ಮೇಲೆ ಪುಸ್ತಕ ಬರೆದಿದ್ದರು. ಅಷ್ಟಾದ ಮೇಲೆ ಪಠ್ಯಪುಸ್ತಕಕ್ಕೆ ಇನ್ನೇನು ಬೇಕು?

ಆದರೆ ತೋಳವನ್ನು ಬಲ್ಲವರು ಒಂದು ಲೆಕ್ಕ ಹಾಕಲಿ. ತೋಳ ಗಬ್ಬವಾಗಿ ಎರಡು ತಿಂಗಳಿಗೆ ಮರಿ ಹಾಕುತ್ತದೆ. ಎಂಟು-ಹತ್ತು ವಾರಕ್ಕೆ ಮರಿಗಳ ಮೊಲೆ ಬಿಡಿಸುತ್ತದೆ. ಆಮೇಲೆ ದೊಡ್ಡ ತೋಳಗಳು ತಿಂದು ಬಂದ ಮಾಂಸವನ್ನು ಕಕ್ಕಿ ಮರಿಗಳಿಗೆ ತಿನ್ನಿಸುತ್ತವೆ. ಏಳೆಂಟು ತಿಂಗಳು ತುಂಬುವಷ್ಟರಲ್ಲಿ ಮರಿ ಹಿಂಡಿನ ಜೊತೆ ರಾತ್ರಿಯಿಡೀ ಮೈಲುಗಟ್ಟಲೆ ಅಲೆಯುತ್ತದೆ. ಮನುಷ್ಯನ ಕೂಸು ಎರಡು ತಿಂಗಳಿಗೆ ಕುತ್ತಿಗೆಯನ್ನೂ ಸರಿಯಾಗಿ ನಿಲ್ಲಿಸಲಾರದು, ಎಂಟನೆಯ ತಿಂಗಳಲ್ಲಿ ಅಂಬೆಗಾಲಿಟ್ಟರೆ ಹೆಚ್ಚು. ತೋಳ ಗವಿ ಬಿಟ್ಟು ಹೊರಟಾಗ ಆ ಕೂಸು ಎಲ್ಲಿ, ಹೇಗೆ ಹಿಂಬಾಲಿಸಬೇಕು? ಒಂದೂವರೆ ವರ್ಷದ ಮಗುವನ್ನು ಹಾಲಿಲ್ಲದ ಕಾಲದಲ್ಲಿ ತೋಳ ಉಳಿಸಿಕೊಳ್ಳುವುದು ಯಾವ ಲೆಕ್ಕಕ್ಕೂ ಕೂಡುವುದಿಲ್ಲ.

ಅನುಮಾನ ಪಟ್ಟವರು ಆಗಲೂ ಇದ್ದರು. ಅಮೆರಿಕದ ಸಮಾಜಶಾಸ್ತ್ರಜ್ಞ ವಿಲಿಯಂ ಆಗ್‌ಬರ್ನ್ ಮತ್ತು ನಮ್ಮವರೇ ಆದ ಮಾನವಶಾಸ್ತ್ರಜ್ಞ ನಿರ್ಮಲ್ ಕುಮಾರ್ ಬೋಸ್ ಮಿಡ್ನಾಪುರದ ಸೀಮೆಯಲ್ಲಿ ವಿಚಾರಣೆ ನಡೆಸಿ 1959ರಲ್ಲಿ ವರದಿ ಪ್ರಕಟಿಸಿದರು. ಗಾಂಧೀಜಿಯವರ ಜೊತೆ ನೌಖಾಲಿಯಲ್ಲಿ ನಡೆದಾಡಿದ ಬೋಸರಿಗೆ ಹಳ್ಳಿಗರನ್ನು ಮಾತಾಡಿಸುವುದು ಹೊಸದಾಗಿರಲಿಲ್ಲ. ಅನಾಥಾಲಯದಲ್ಲಿ ಆ ಇಬ್ಬರು ಹುಡುಗಿಯರು ಇದ್ದದ್ದು ನಿಜ, ಕಂಡವರು ಸಿಕ್ಕರು. ಆದರೆ ಗೋದಾಮುರಿ ಎಂಬ ಹಳ್ಳಿ ಸಿಗಲಿಲ್ಲ. ಮುಂದೆ 2007ರಲ್ಲಿ ಫ್ರೆಂಚ್ ಶಸ್ತ್ರವೈದ್ಯ ಸರ್ಜ್ ಆರೋಲ್ ದಾಖಲೆಗಳನ್ನು ಕೆದಕಿ, ದಿನಚರಿ ಆಯಾ ದಿನ ಬರೆದದ್ದಲ್ಲ, ಆಮೇಲೆ ಕಟ್ಟಿದ್ದು ಎಂದು ವಾದಿಸಿದರು. ಕಮಲಾಗೆ ಹುಟ್ಟಿನಿಂದಲೇ ನರಮಂಡಲದ ತೊಂದರೆ ಇದ್ದಿರಬೇಕೆಂಬುದು ಅವರ ಅಭಿಪ್ರಾಯ. 1959ರಲ್ಲೇ ಮನಶ್ಶಾಸ್ತ್ರಜ್ಞ ಬ್ರೂನೋ ಬೆಟಲ್‌ಹೈಮ್ ಕೂಡ ತೋಳಮಕ್ಕಳ ನಡವಳಿಕೆ ಆಟಿಸಂ ಇರುವ ಮಕ್ಕಳಲ್ಲಿ ಕಾಣುವಂಥದ್ದೇ ಎಂದು ತೋರಿಸಿದ್ದರು. ತಾಯಿಯ ತಣ್ಣನೆಯ ಮನಸ್ಸು ಆಟಿಸಂಗೆ ಕಾರಣ ಎಂಬ ಅವರ ಇನ್ನೊಂದು ವಾದ ಎಷ್ಟೋ ತಾಯಂದಿರನ್ನು ಅಳಿಸಿ, ಕೊನೆಗೆ ಸುಳ್ಳೆಂದು ಬಿದ್ದುಹೋಯಿತು. ಆದರೆ ತೋಳಮಕ್ಕಳ ವಿಷಯದಲ್ಲಿ ಅವರು ಕಂಡದ್ದನ್ನು ತಳ್ಳಿಹಾಕಲಾಗದು.

ತೀರ ಇತ್ತೀಚಿನ ಉದಾಹರಣೆಯೂ ಇದೆ. 2017ರಲ್ಲಿ ಉತ್ತರ ಪ್ರದೇಶದ ಬಹರಾಯಿಚ್ ಜಿಲ್ಲೆಯ ಕತರ್ನಿಯಾಘಾಟ್ ಅರಣ್ಯದ ಬಳಿ ಸಿಕ್ಕ ಹುಡುಗಿಯೊಬ್ಬಳನ್ನು ಪತ್ರಿಕೆಗಳೂ ಟಿವಿಗಳೂ 'ಮಂಗಗಳು ಸಾಕಿದ ಹುಡುಗಿ' ಎಂದು ಜಗತ್ತಿಗೆಲ್ಲ ಸಾರಿದವು. ಕೆಲವೇ ದಿನಗಳಲ್ಲಿ ಅಧಿಕಾರಿಗಳೂ ವೈದ್ಯರೂ ಸ್ಪಷ್ಟಪಡಿಸಿದರು: ಮಗುವಿಗೆ ಬುದ್ಧಿಮಾಂದ್ಯವಿತ್ತು, ಮಂಗಗಳ ಜೊತೆ ಅವಳು ಬೆಳೆದಿರಲಿಲ್ಲ, ಮನೆಯವರೇ ಬಿಟ್ಟುಹೋಗಿರಬೇಕು. ಮೊದಲ ಸುದ್ದಿ ಹರಡಿದಷ್ಟು ದೂರ ಈ ಎರಡನೆಯ ಸುದ್ದಿ ಹೋಗಲಿಲ್ಲ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕಾಗಿದೆ. ತೋಳ ಸಾಕಿತು ಎನ್ನುವ ಕಥೆ ಊರಿಗೆ ಬಹಳ ಅನುಕೂಲದ ಕಥೆ. ಅದನ್ನು ನಂಬಿದರೆ ಮಾತು ಬಾರದ, ನಡೆಯಲಾರದ ಮಗುವನ್ನು ಕಾಡಂಚಿನಲ್ಲಿ ಬಿಟ್ಟು ಬಂದವರು ಯಾರು ಎಂದು ಹುಡುಕಬೇಕಾಗಿಲ್ಲ. ಆ ಬಿಟ್ಟವರ ಬಡತನವನ್ನೋ ಭಯವನ್ನೋ ಕೇಳಬೇಕಾಗಿಯೂ ಇಲ್ಲ.

ಈಗ ಎರಡನೆಯ ಭಾಗಕ್ಕೆ ಬರೋಣ. ದಾಖಲೆ ಗಟ್ಟಿಯಾಗಿರುವ ಹುಡುಗ ಇವನು.

ದಕ್ಷಿಣ ಫ್ರಾನ್ಸಿನ ಆವೆರಾನ್ ಪ್ರಾಂತದ ಸೇಂಟ್ ಸೆರ್ನಾ ಎಂಬ ಹಳ್ಳಿಗೆ 1800ರ ಜನವರಿಯ ಚಳಿಯಲ್ಲಿ ಹನ್ನೆರಡರ ಸುಮಾರಿನ ಹುಡುಗನೊಬ್ಬ ಕಾಡಿನಿಂದ ಇಳಿದು ಬಂದ. ಕೆಲ ವರ್ಷಗಳಿಂದ ಆ ಕಡೆಯ ಕಾಡುಗಳಲ್ಲಿ ಅವನನ್ನು ಕಂಡವರಿದ್ದರು. ಹಿಂದೆ ಹಿಡಿದಾಗ ತಪ್ಪಿಸಿಕೊಂಡಿದ್ದ. ಕಾಳು, ಗಡ್ಡೆ ತಿಂದು ಬದುಕಿದ್ದ. ಅವನ ಮೈಮೇಲೆ ಹಲವು ಗಾಯದ ಕಲೆಗಳಿದ್ದವು. ಒಂದು ಕಲೆ ಮಾತ್ರ ಬೇರೆ ತೆರನದು: ಗಂಟಲಿಗೆ ಅಡ್ಡವಾಗಿ, ಚೂರಿಯಿಂದ ಎಳೆದ ಹಾಗೆ. ಮೃಗದ ಹಲ್ಲು ಹಾಗೆ ಕೊಯ್ಯುವುದಿಲ್ಲ.

ಅವನನ್ನು ಪ್ಯಾರಿಸ್ಸಿನ ಕಿವುಡರ ಶಾಲೆಗೆ ತಂದರು. ಆ ಕಾಲದ ದೊಡ್ಡ ಮನೋವೈದ್ಯ ಪಿನೆಲ್, ಇವನು ಹುಟ್ಟಾ ಬುದ್ಧಿಮಾಂದ್ಯ, ಕಲಿಸಿ ಪ್ರಯೋಜನವಿಲ್ಲ ಎಂದರು. ಇಪ್ಪತ್ತಾರರ ತರುಣ ವೈದ್ಯ ಜಾನ್ ಇಟಾರ್ ಒಪ್ಪಲಿಲ್ಲ. ಹುಡುಗನಿಗೆ ಕೊರತೆಯಾಗಿರುವುದು ಬುದ್ಧಿಯಲ್ಲ, ಮನುಷ್ಯರ ಒಡನಾಟ ಎಂದು ವಾದಿಸಿ ಐದು ವರ್ಷ ಅವನ ಜೊತೆ ದುಡಿದರು. 'ಓ' ಎಂಬ ಸ್ವರ ಕೇಳಿದರೆ ಹುಡುಗ ತಿರುಗಿ ನೋಡುತ್ತಿದ್ದನಾದ್ದರಿಂದ ಆ ಸ್ವರವಿರುವ ವಿಕ್ಟರ್ ಎಂಬ ಹೆಸರಿಟ್ಟರು. ಅನ್ನ, ನೀರು, ಬಟ್ಟೆ, ಮೀಯುವುದು, ರಮಿಸುವುದು ಎಲ್ಲವನ್ನೂ ನೋಡಿಕೊಳ್ಳಲು ಮದಾಂ ಗೆರಾಂ ಎಂಬ ಹೆಂಗಸನ್ನು ಸರಕಾರ ನೇಮಿಸಿತು.

ಇಟಾರ್ 1801 ಮತ್ತು 1806ರಲ್ಲಿ ಎರಡು ವರದಿ ಬರೆದರು. ಸೋಲನ್ನೂ ಮುಚ್ಚಿಡದ ಪ್ರಾಮಾಣಿಕ ಬರಹಗಳು ಅವು. ವಿಕ್ಟರ್ ಹಾಲಿಗೆ ಫ್ರೆಂಚಿನಲ್ಲಿರುವ 'ಲೇ' ಎಂಬ ಶಬ್ದವನ್ನು ಕಷ್ಟಪಟ್ಟು ಆಡಿದ. ಆದರೆ ಹಾಲು ಬೇಕೆಂದು ಕೇಳಲು ಆಡಲಿಲ್ಲ, ಹಾಲು ಕಂಡ ಸಂತೋಷಕ್ಕೆ ಆಡಿದ. ಬಿಡಿ ಅಕ್ಷರಗಳನ್ನು ಜೋಡಿಸುವುದರಲ್ಲಿ ಮಾತ್ರ ಅವನು ಮುಂದೆ ಹೋದ. ತಾನು ಸಂಜೆ ಹಾಲು ಕುಡಿಯುತ್ತಿದ್ದ ಪರಿಚಿತರ ಮನೆಗೆ ಹೊರಡುವಾಗ ಆ ಶಬ್ದದ ನಾಲ್ಕು ಅಕ್ಷರಗಳನ್ನು ತಾನೇ ಆರಿಸಿ ಜೇಬಿಗಿಳಿಸಿ, ಅಲ್ಲಿ ಮೇಜಿನ ಮೇಲೆ ಸರಿಯಾಗಿ ಜೋಡಿಸಿ ತೋರಿಸಿದ. ಯಾರೂ ಹೇಳಿಕೊಟ್ಟಿರಲಿಲ್ಲ.

ಆದರೂ ನಾಲಿಗೆ ತಿರುಗಲಿಲ್ಲ. ಇಟಾರ್ ಬೇಸತ್ತು ಕೈಬಿಟ್ಟರು. ಮದಾಂ ಗೆರಾಂ ಬಿಡಲಿಲ್ಲ. ಸರಕಾರ ವರ್ಷಕ್ಕೆ 150 ಫ್ರಾಂಕ್ ಕೊಡುತ್ತಿತ್ತು. ಶಾಲೆಯ ಸಮೀಪದ ಮನೆಯಲ್ಲಿ 1828ರಲ್ಲಿ ಸಾಯುವವರೆಗೂ ವಿಕ್ಟರ್ ಆಕೆಯ ಜೊತೆಯಲ್ಲೇ ಇದ್ದ. ಇಟಾರ್ ಬರೆದ ಪ್ರಸಂಗಗಳಲ್ಲಿ ಒಂದನ್ನು ಇಲ್ಲಿ ವಿವರವಾಗಿ ಹೇಳಬೇಕು. ಊಟದ ಮೇಜಿಗೆ ತಟ್ಟೆ ಇಡುವುದು ವಿಕ್ಟರನ ಕೆಲಸವಾಗಿತ್ತು. ಗೆರಾಂಳ ಗಂಡ ಕಾಯಿಲೆ ಬಿದ್ದು ಬೇರೆ ಕಡೆ ಆರೈಕೆಯಲ್ಲಿದ್ದಾಗಲೂ ಹುಡುಗ ಅವನ ಜಾಗದಲ್ಲಿ ತಟ್ಟೆ ಇಡುತ್ತಲೇ ಇದ್ದ. ಗಂಡ ಸತ್ತ ದಿನವೂ ಇಟ್ಟ. ಆ ತಟ್ಟೆ ಕಂಡು ಆಕೆ ತಡೆಯಲಾರದೆ ಅತ್ತಳು. ತನ್ನಿಂದಲೇ ಆಕೆಗೆ ನೋವಾಯಿತೆಂದು ವಿಕ್ಟರನಿಗೆ ತಿಳಿಯಿತು. ಮೆಲ್ಲನೆ ತಟ್ಟೆ ತೆಗೆದು ಕಪಾಟಿನಲ್ಲಿಟ್ಟ. ಮತ್ತೆಂದೂ ಆ ಜಾಗದಲ್ಲಿ ತಟ್ಟೆ ಇಡಲಿಲ್ಲ. ಒಂದು ವಾಕ್ಯ ಆಡಲಾರದ ಹುಡುಗ ಇನ್ನೊಬ್ಬರ ದುಃಖವನ್ನು ಓದಿದ್ದ. ಅದನ್ನು ಅವನಿಗೆ ಕಲಿಸಿದ್ದು ಅಕ್ಷರದ ಪಾಠವಲ್ಲ, ದಿನವೂ ಒಟ್ಟಿಗೆ ಕೂತು ಉಂಡ ಊಟ.

ಇಟಾರ್ ಸೋತರೆಂದು ಬರೆಯುವವರು ಅವರ ಕೆಲಸ ಮುಂದೆ ಎಲ್ಲಿಗೆ ಹೋಯಿತೆಂದು ನೋಡುವುದಿಲ್ಲ. ಅವರ ಶಿಷ್ಯ ಎಡ್ವರ್ಡ್ ಸೆಗಾಂ ಬುದ್ಧಿಮಾಂದ್ಯ ಮಕ್ಕಳ ಶಿಕ್ಷಣ ಪದ್ಧತಿಯನ್ನು ಬೆಳೆಸಿದರು. ರೋಮಿನ ವೈದ್ಯೆ ಮಾರಿಯಾ ಮಾಂಟೆಸ್ಸರಿ ಈ ಇಬ್ಬರ ಬರಹಗಳನ್ನೂ ಇಟಾಲಿಯನ್ನಿಗೆ ತಂದು ಕೈಯಾರೆ ಬರೆದುಕೊಂಡು ಅಭ್ಯಾಸ ಮಾಡಿ, 1907ರಲ್ಲಿ ಬಡವರ ಬಡಾವಣೆಯಲ್ಲಿ ಮಕ್ಕಳ ಮನೆ ತೆರೆದರು. ಆ ವಿಚಾರ ಭಾವನಗರದ ಗಿಜುಭಾಯಿ ಬಧೇಕಾ ಅವರನ್ನು ಮುಟ್ಟಿತು. 1920ರಲ್ಲಿ ಅವರ ಬಾಲಮಂದಿರ ಶುರುವಾಯಿತು. ಅಲ್ಲಿ ಅವರ ಜೊತೆ ದುಡಿದ ತಾರಾಬಾಯಿ ಮೋಡಕ್, ದೇಶಕ್ಕೆ ಸ್ವಾತಂತ್ರ್ಯ ಬರುವ ಮುನ್ನವೇ, 1945ರಲ್ಲಿ, ಇದೇ ಮಹಾರಾಷ್ಟ್ರದ ಬೋರ್ಡಿ ಎಂಬ ಹಳ್ಳಿಯಲ್ಲಿ ಗ್ರಾಮ ಬಾಲಶಿಕ್ಷಣ ಕೇಂದ್ರ ತೆರೆದರು. ಮಕ್ಕಳು ಶಾಲೆಗೆ ಬರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಬೇಕು ಎಂಬುದು ಅವರ ನಿಲುವು. ಮುಂದೆ ಕೋಸಬಾಡದಲ್ಲಿ ಅನುತಾಯಿ ವಾಘ್ ಅವರ ಜೊತೆಗೂಡಿ, ದನ ಕಾಯುವ ಆದಿವಾಸಿ ಮಕ್ಕಳಿಗಾಗಿ ಹುಲ್ಲುಗಾವಲಿನಲ್ಲೇ ಶಾಲೆ ನಡೆಸಿದರು. ಅದಕ್ಕೆ ಕುರಣಶಾಲೆ ಎಂದು ಹೆಸರು. ಅಂಗನವಾಡಿಗಳನ್ನು ತಂದ ಸರಕಾರದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು 33 ಕಡೆ ಆರಂಭವಾಯಿತು. ಕರ್ನಾಟಕದಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ಅದರಲ್ಲೊಂದು. ಇಂದು ಊರೂರಿಗೂ ಇರುವ ಅಂಗನವಾಡಿಯ ವಂಶಾವಳಿ ಹಿಡಿದು ಹಿಂದೆ ಹೋದರೆ, ಅದರ ಒಂದು ಬೇರು ಆವೆರಾನಿನ ಆ ಮೂಕ ಹುಡುಗನ ಬಿಡಿ ಅಕ್ಷರಗಳನ್ನು ಮುಟ್ಟುತ್ತದೆ.

ಮೂರನೆಯ ಭಾಗದ ಪ್ರಶ್ನೆ ಇದು. ಒಡನಾಟ ಎಂದರೆ ನಿಜಕ್ಕೂ ಎಷ್ಟು ಬೇಕು, ಯಾವಾಗ ಬೇಕು?

ಮಗು ತಾನಾಗಿ ಯಾವ ಭಾಷೆ ಆಡುತ್ತದೆಂದು ತಿಳಿಯುವ ಹಟ ರಾಜರಿಗೆ ಹಿಂದಿನಿಂದಲೂ ಇತ್ತು. ಅಕ್ಬರ್ ಬಾದಶಹ ಕೆಲವು ಹಸುಗೂಸುಗಳನ್ನು, ಮಾತಾಡಕೂಡದೆಂದು ಆಜ್ಞೆಯಿದ್ದ ದಾಯಿಯರ ಕೈಗೆ ಒಪ್ಪಿಸಿ ಒಂದು ಮನೆಯಲ್ಲಿ ಇರಿಸಿದ. ಜನ ಅದನ್ನು ಗುಂಗ್ ಮಹಲ್, ಅಂದರೆ ಮೂಕರ ಅರಮನೆ, ಎಂದು ಕರೆದರು. 1582ರಲ್ಲಿ ಹೋಗಿ ನೋಡಿದಾಗ ಮೂಕರ ಸದ್ದಿನ ಹೊರತು ಬೇರೇನೂ ಕೇಳಿಸಲಿಲ್ಲ. ಕೇಳದವನು ಆಡಲಾರ ಎಂಬುದು ಗೊತ್ತಾಯಿತು, ಆ ಕೂಸುಗಳು ಬೆಲೆ ತೆತ್ತವು. ನಮ್ಮ ಪುರಾಣದಲ್ಲೂ ಕಾಡಿನಲ್ಲೇ ಬೆಳೆದ ಒಬ್ಬ ಹುಡುಗನಿದ್ದಾನೆ, ಋಷ್ಯಶೃಂಗ. ಶೃಂಗೇರಿ ಬಳಿಯ ಕಿಗ್ಗದಲ್ಲಿ ಅವನ ಹೆಸರಿನ ಗುಡಿಯಿದೆ. ತಂದೆ ವಿಭಾಂಡಕನ ಹೊರತು ಬೇರೆ ಮನುಷ್ಯರನ್ನು ಕಾಣದೆ ಬೆಳೆದರೂ ಅವನು ವೇದ ಓದಿದ, ಮಾತು ಬಲ್ಲವನಾಗಿದ್ದ. ಪುರಾಣ ಕಟ್ಟಿದವರಿಗೆ ಒಂದು ಸೂಕ್ಷ್ಮ ತಿಳಿದಿತ್ತು. ಕಾಡು ಅಡ್ಡಿಯಲ್ಲ, ಮಾತಾಡಿಸುವ ಒಬ್ಬ ವಿಭಾಂಡಕನಾದರೂ ಪಕ್ಕದಲ್ಲಿರಬೇಕು.

ಆ ಒಬ್ಬರು ಇರುವುದಕ್ಕೂ ಇಲ್ಲದಿರುವುದಕ್ಕೂ ಇರುವ ಅಂತರವನ್ನು ಎತ್ತಿ ತೋರಿಸುವ ಜೋಡಿ ಪ್ರಕರಣ ಅಮೆರಿಕದ್ದು. ಸಮಾಜಶಾಸ್ತ್ರಜ್ಞ ಕಿಂಗ್ಸ್ಲೆ ಡೇವಿಸ್ ಎರಡನ್ನೂ ದಾಖಲಿಸಿದ್ದಾರೆ. ಪೆನ್ಸಿಲ್ವೇನಿಯಾದಲ್ಲಿ 1938ರ ಫೆಬ್ರುವರಿಯಲ್ಲಿ ಸಿಕ್ಕ ಆನಾ, ಮದುವೆಯಾಗದ ತಾಯಿಗೆ ಹುಟ್ಟಿದ ಮಗು. ಅಜ್ಜನ ಸಿಟ್ಟಿಗೆ ಹೆದರಿ ಮಹಡಿಯ ಕೋಣೆಯಲ್ಲಿ ಹಾಲಷ್ಟೇ ಕೊಟ್ಟು ಸುಮಾರು ಆರು ವರ್ಷ ಇಟ್ಟಿದ್ದರು. ನಡೆಯಲು ಬಾರದು, ಮಾತಿಲ್ಲ, ತುತ್ತು ಬಾಯಿಗಿಡಲೂ ಬಾರದು. ಮುಂದಿನ ನಾಲ್ಕು ವರ್ಷಗಳಲ್ಲಿ ನಡೆಯಲು, ಕೈತೊಳೆಯಲು, ಗೊಂಬೆ ಮುದ್ದಿಸಲು, ಕೆಲವು ಮಾತಾಡಲು ಕಲಿತು 1942ರಲ್ಲಿ ತೀರಿಕೊಂಡಳು. ಅದೇ 1938ರ ನವೆಂಬರಿನಲ್ಲಿ ಓಹಾಯೊದಲ್ಲಿ ಸಿಕ್ಕ ಇಸಬೆಲ್ಲಳ ಹುಟ್ಟೂ ಅಂಥದ್ದೇ, ಕತ್ತಲ ಕೋಣೆಯೂ ಅಂಥದ್ದೇ, ವಯಸ್ಸು ಆರೂವರೆ. ಬಿಸಿಲಿಲ್ಲದೆ ಕಾಲು ಬಾಗಿದ್ದವು, ಗಂಟಲಿನಿಂದ ಕರಕರ ಸದ್ದು ಮಾತ್ರ ಬರುತ್ತಿತ್ತು. ಬುದ್ಧಿಮಾಂದ್ಯಳೆಂದೇ ಮೊದಲು ತಿಳಿದರು. ಆದರೆ ಮೇರಿ ಮೇಸನ್ ಎಂಬ ವಾಕ್ ತಜ್ಞೆಯ ಕೈಯಲ್ಲಿ ಒಂದೂವರೆ ವರ್ಷದೊಳಗೆ ಸಾವಿರದೈನೂರಕ್ಕೂ ಹೆಚ್ಚು ಶಬ್ದ ಕಲಿತಳು, ಪ್ರಶ್ನೆ ಕೇಳತೊಡಗಿದಳು. ಎರಡು ವರ್ಷದಲ್ಲಿ ತನ್ನ ವಯಸ್ಸಿನ ಮಕ್ಕಳ ಸಮಕ್ಕೆ ಬಂದು ಶಾಲೆಗೆ ಹೋದಳು.

ಆನಾಗೆ ಹುಟ್ಟಿನಿಂದಲೇ ಕೊರತೆ ಇದ್ದಿರಬಹುದು ಎಂಬುದನ್ನು ಡೇವಿಸ್ ಅವರೇ ಒಪ್ಪಿದ್ದಾರೆ. ಆದರೆ ಕಣ್ಣಿಗೆ ಹೊಡೆಯುವ ವ್ಯತ್ಯಾಸ ಇನ್ನೊಂದಿದೆ. ಇಸಬೆಲ್ಲಳ ಜೊತೆ ಆ ಕೋಣೆಯಲ್ಲಿ ಅವಳ ತಾಯಿ ಇದ್ದಳು. ಆ ತಾಯಿಗೆ ಕಿವಿ ಕೇಳುತ್ತಿರಲಿಲ್ಲ, ಮಾತು ಬರುತ್ತಿರಲಿಲ್ಲ, ಓದು ತಿಳಿದಿರಲಿಲ್ಲ. ಕೈಸನ್ನೆಯಲ್ಲೇ ಮಗಳನ್ನು ಕರೆದಳು, ಗದರಿಸಿದಳು, ಅಪ್ಪಿಕೊಂಡಳು. ಅಷ್ಟು ಸಾಕಾಯಿತು. ಆರು ವರ್ಷದ ಕತ್ತಲಲ್ಲೂ ಒಳಗಿನ ದೀಪ ಆರದಂತೆ ಆಕೆ ಅಂಗೈ ಅಡ್ಡ ಹಿಡಿದಿದ್ದಳು. ಬಂಗಾಳದ ಹುತ್ತಕ್ಕಿಂತ ಈ ತಾಯಿಯ ಕಥೆ ನಮ್ಮ ಪಠ್ಯಗಳಲ್ಲಿ ಮೊದಲ ಜಾಗ ಪಡೆಯಬೇಕು.

ಇನ್ನು ಕಾಲದ ಮಾತು. ಲಾಸ್ ಏಂಜಲೀಸ್‌ನಲ್ಲಿ 1970ರ ನವೆಂಬರಿನಲ್ಲಿ ಸಿಕ್ಕ, ತಜ್ಞರು 'ಜೀನಿ' ಎಂದು ಕರೆದ ಹುಡುಗಿಗೆ ಆಗ ಹದಿಮೂರು ವರ್ಷ. ತಂದೆ ಅವಳನ್ನು ಕುರ್ಚಿಗೆ ಕಟ್ಟಿಹಾಕುತ್ತಿದ್ದ, ಸದ್ದು ಮಾಡಿದರೆ ಹೊಡೆಯುತ್ತಿದ್ದ. ಹೊರಬಂದ ಮೇಲೆ ಅವಳು ಶಬ್ದಗಳನ್ನು ಬೇಗ ಬೇಗ ಕಲಿತಳು. ಆದರೆ ಶಬ್ದಕ್ಕೆ ಶಬ್ದ ಹೆಣೆದು ವಾಕ್ಯ ಕಟ್ಟುವುದು ಸರಿಯಾಗಿ ಬರಲಿಲ್ಲ ಎಂದು ಅವಳನ್ನು ಅಭ್ಯಾಸ ಮಾಡಿದ ಸೂಸನ್ ಕರ್ಟಿಸ್ 1977ರಲ್ಲಿ ಬರೆದರು. ಭಾಷೆಗೆ ಬಾಲ್ಯದಲ್ಲೊಂದು ಹದವಾದ ಕಾಲವಿದೆ ಎಂದು ಭಾಷಾವಿಜ್ಞಾನಿ ಎರಿಕ್ ಲೆನಬರ್ಗ್ 1967ರಲ್ಲೇ ಹೇಳಿದ್ದಕ್ಕೆ ಅವಳು ಸಾಕ್ಷಿಯಾದಳು. ಆದರೆ ಅವಳ ಮೇಲಿನ ಸಂಶೋಧನೆಗೆ ಬರುತ್ತಿದ್ದ ಹಣ ನಿಂತಾಗ ಒಂದು ಮನೆಯಿಂದ ಇನ್ನೊಂದು ಮನೆಗೆ ತಳ್ಳಿಸಿಕೊಳ್ಳುತ್ತಾ, ಕಲಿತ ಮಾತನ್ನೂ ಬಾಯಿ ಬಿಡದೆ ನುಂಗಿಕೊಂಡಳು. ಎರಡನೆಯ ಸಲ ಅವಳನ್ನು ಕೈಬಿಟ್ಟವರು ಓದಿದವರು.

ರುಮೇನಿಯಾದ್ದು ಒಂದು ದೇಶದ ಅನುಭವ. ಚೌಶೆಸ್ಕು ಸರಕಾರ 1966ರಲ್ಲಿ ಗರ್ಭಪಾತ ನಿಷೇಧಿಸಿ ಜನಸಂಖ್ಯೆ ಹೆಚ್ಚಿಸಲು ಹೊರಟಿತು. ಸಾಕಲಾಗದವರು ಸರಕಾರಿ ಆಶ್ರಮಗಳಿಗೆ ಮಕ್ಕಳನ್ನು ಒಪ್ಪಿಸಿದರು. 1989ರಲ್ಲಿ ಸರಕಾರ ಬಿದ್ದಾಗ ಒಂದು ಲಕ್ಷಕ್ಕೂ ಮಿಕ್ಕಿ ಮಕ್ಕಳು ಅಲ್ಲಿದ್ದರು. ಹೊಟ್ಟೆಗೆ ಇಷ್ಟು ಸಿಗುತ್ತಿತ್ತು, ತಲೆಯ ಮೇಲೆ ಸೂರಿತ್ತು. ಎತ್ತಿ ಆಡಿಸುವ ಕೈ ಇರಲಿಲ್ಲ, ಅತ್ತರೆ ಬರುವವರಿರಲಿಲ್ಲವಾಗಿ ಕೂಸುಗಳು ಅಳುವುದನ್ನೇ ಬಿಟ್ಟಿದ್ದವು. ಬುಖಾರೆಸ್ಟ್‌ನಲ್ಲಿ ಚಾರ್ಲ್ಸ್ ನೆಲ್ಸನ್, ನಾಥನ್ ಫಾಕ್ಸ್, ಚಾರ್ಲ್ಸ್ ಝೀನಾ ಎಂಬ ಮೂವರು ಅಧ್ಯಯನಕಾರರು 136 ಮಕ್ಕಳನ್ನು ತೆಗೆದುಕೊಂಡು, ಅರ್ಧ ಮಕ್ಕಳನ್ನು ಸಾಕುವ ಕುಟುಂಬಗಳಿಗೆ ಕಳಿಸಿ ವರ್ಷಗಟ್ಟಲೆ ಗಮನಿಸಿದರು. ಕುಟುಂಬ ಸೇರಿದ ಮಕ್ಕಳ ಬುದ್ಧಿ, ಮಾತು ಚಿಗುರಿದವು. ಅದರಲ್ಲೂ ಎರಡು ವರ್ಷ ತುಂಬುವ ಮುನ್ನ ಹೋದ ಮಕ್ಕಳು ಎಲ್ಲರಿಗಿಂತ ಹೆಚ್ಚು ಚೇತರಿಸಿಕೊಂಡರು.

ಈಗ ಕೊನೆಯ ಭಾಗ, ನಮ್ಮ ಸೀಮೆ.

ಮಳೆ ಕೈಕೊಡುವ ಈ ನೆಲದಿಂದ ದಸರೆ-ದೀಪಾವಳಿ ಹೊತ್ತಿಗೆ ಕೂಲಿಕಾರರ ಟೋಳಿಗಳು ಕಬ್ಬು ಕಡಿಯಲು ಕೃಷ್ಣೆಯ ಬಯಲಿಗೆ ಹೊರಡುತ್ತವೆ. ಟೋಳಿಯ ಮುಕಾದಮನಿಂದ ಉಚಲು, ಅಂದರೆ ಮುಂಗಡ, ತೆಗೆದುಕೊಂಡ ಮೇಲೆ ಗಂಡ-ಹೆಂಡತಿ ಇಬ್ಬರೂ ಹೋಗಲೇಬೇಕು. ಇಬ್ಬರೂ ಸೇರಿದರೇ ಒಂದು ಕೊಯ್ತಾ ಎಂದು ಲೆಕ್ಕ. ಮಕ್ಕಳೂ ಜೊತೆಗೆ ಹೋಗುತ್ತವೆ. ನಸುಕಿನ ಕತ್ತಲಲ್ಲೇ ತಾಯಿ ಹೊಲಕ್ಕಿಳಿಯುತ್ತಾಳೆ. ಬದುವಿನ ಮೇಲೆ ಗಾಡಿಯ ನೆರಳಿಗೆ ಹಳೆ ಸೀರೆಯ ಜೋಳಿ ಕಟ್ಟಿರುತ್ತದೆ, ಅದನ್ನು ತೂಗುವುದು ಏಳೆಂಟು ವರ್ಷದ ಅಕ್ಕ. ಶಾಲೆಯ ಹಾಜರಿಯಲ್ಲಿ ಆ ಅಕ್ಕನ ಹೆಸರಿನ ಮುಂದೆ ನಾಲ್ಕೈದು ತಿಂಗಳು ಗೈರು.

ಈ ಮಕ್ಕಳನ್ನು ವಿಕ್ಟರ್, ಜೀನಿಯರ ಸಾಲಿಗೆ ಸೇರಿಸಿದರೆ ಅದು ಅವರ ತಂದೆತಾಯಿಗೆ ಮಾಡುವ ಅವಮಾನ. ಅವರನ್ನು ಯಾರೂ ಬಿಟ್ಟಿಲ್ಲ. ಎದೆಗೆ ಕಟ್ಟಿಕೊಂಡೇ ಒಯ್ದಿದ್ದಾರೆ. ಕೊರತೆಯಾಗುವುದು ಹೊತ್ತಿನದು. ಮಗು ಎಚ್ಚರವಿರುವ ಹಗಲೆಲ್ಲ ತಾಯಿಯ ಕೈ ಕಬ್ಬಿನ ಮೇಲಿರುತ್ತದೆ. ಮಗು 'ಅವ್ವಾ' ಎಂದರೆ 'ಏನೋ ನನ ಕೂಸ' ಎನ್ನುವ ಮರುಮಾತು ಆ ಹೊಲದಲ್ಲಿ ತಡವಾಗುತ್ತದೆ. ಮಾತು ಬೆಳೆಯುವುದು ಈ ಕೊಡುಕೊಳ್ಳುವಿಕೆಯಿಂದ. ತೊಟ್ಟಿಲಿನ ಪಕ್ಕ ಜೋಗುಳ ಹಾಡುತ್ತಿದ್ದ ಅಜ್ಜಿ ಊರಲ್ಲೇ ಉಳಿದಿರುತ್ತಾಳೆ.

ಆ ಜಾಗಕ್ಕೆ ಈಗ ಮೊಬೈಲು ಬಂದಿದೆ, ಹೊಲದಲ್ಲೂ ಮನೆಯಲ್ಲೂ. ಸಂಶೋಧಕಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಇಲ್ಲಿ ನೆನೆಯಬೇಕು. ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳ ಎದುರು ಚೀನೀ ಭಾಷಿಕರು ಕೂತು, ಆಟಿಕೆ ತೋರಿಸುತ್ತಾ ಹನ್ನೆರಡು ಸಲ ಅವರ ಭಾಷೆಯಲ್ಲಿ ಮಾತಾಡಿದರು. ಕೂಸುಗಳು ಆ ಭಾಷೆಯ ಧ್ವನಿಭೇದಗಳನ್ನು ಗುರುತಿಸತೊಡಗಿದವು. ಅದೇ ಜನ, ಅದೇ ಮಾತು ಟಿವಿಯಲ್ಲಿ ಬಂದಾಗ ಏನೂ ಕಲಿಯಲಿಲ್ಲ. ಎದುರಿಗಿರುವ ಮುಖ ತನ್ನನ್ನು ನೋಡಿ ನಗುತ್ತಿದೆಯೋ ಇಲ್ಲವೋ ಎಂಬುದು ಒಂಬತ್ತು ತಿಂಗಳ ಕೂಸಿಗೆ ಗೊತ್ತಾಗುತ್ತದೆ.

ಇಲ್ಲಿಯ ಶಿಕ್ಷಕರು ಒಂದು ಪ್ರಶ್ನೆ ಕೇಳಬಹುದು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಮಗುವಿಗೆ ಗೊಂದಲವಾಗುವುದಿಲ್ಲವೇ? ಆಗುವುದಿಲ್ಲ. ಎರಡೂ ಭಾಷೆ ಆಡುವವರ ನಡುವೆ ಬೆಳೆದ ಮಗು ಎರಡನ್ನೂ ಕಲಿಯುತ್ತದೆ, ಈ ಸಭೆಯೇ ಅದಕ್ಕೆ ಸಾಕ್ಷಿ. ಕೆಡುಕಾಗುವುದು, ಮೂರು ವರ್ಷದ ಕನ್ನಡದ ಮಗು ತನ್ನ ಒಂದು ಮಾತೂ ತಿಳಿಯದವರ ಮಧ್ಯೆ ಹಗಲಿಡೀ ಬಾಯಿ ಮುಚ್ಚಿ ಕೂತಾಗ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ 1956ರಿಂದ ಹೇಳುತ್ತಿದೆ. ಜತ್ತದ ಕನ್ನಡ ಶಾಲೆಗಳಿಗೆ ಇದರ ಬಲವಿದೆ. ಶಾಲೆಗೂ ಮುಂಚಿನ ಮೂರು ವರ್ಷಗಳಿಗೆ ಅಂಥ ಬಲವಿಲ್ಲ, ಇರಬೇಕಾಗಿದ್ದದ್ದು ಮೊದಲು ಅಲ್ಲೇ.

ಇನ್ನೊಂದು ಒಂಟಿತನವಿದೆ, ತುಂಬಿದ ಮನೆಯೊಳಗಿನದು. ಹುಟ್ಟಿನಿಂದ ಕಿವಿ ಕೇಳದ ಮಗು ಎಷ್ಟೇ ಅಕ್ಕರೆಯ ನಡುವೆ ಇದ್ದರೂ ಅದಕ್ಕೆ ಮಾತು ತಲುಪುವುದಿಲ್ಲ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿಯಿರುವ ನಮ್ಮ ಕಡೆ ಹುಟ್ಟುಕಿವುಡಿನ ಸಂಭವ ಹೆಚ್ಚು. 'ಗಂಡುಮಗು ತಡವಾಗಿ ಮಾತಾಡ್ತದ ಬಿಡ್ರಿ' ಎನ್ನುತ್ತಾ ಮೂರು ವರ್ಷ ಕಳೆಯುತ್ತೇವೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಪೂರ್ವಶಾಲೆಯಲ್ಲಿ ತಾಯಂದಿರೂ ಮಕ್ಕಳ ಪಕ್ಕ ಕೂತು ತರಬೇತಿ ಪಡೆಯುತ್ತಾರೆ, ಮಾತು ಕಲಿಸುವ ಮೊದಲ ಗುರು ತಾಯಿಯೇ ಆಗುತ್ತಾಳೆ. ಕಿವುಡು ಬೇಗ ಪತ್ತೆಯಾದರೆ ಶ್ರವಣಯಂತ್ರ, ಶಸ್ತ್ರಚಿಕಿತ್ಸೆ, ಸನ್ನೆಭಾಷೆ, ದಾರಿಗಳು ಹಲವು. ಭಾಷೆ ಬಾಯಿಂದಲೇ ಬರಬೇಕೆಂದಿಲ್ಲ. ನಿಕರಾಗುವಾದ ರಾಜಧಾನಿ ಮನಾಗುವಾದಲ್ಲಿ 1977ರಿಂದಾಚೆಗೆ ಕಿವುಡು ಮಕ್ಕಳನ್ನು ಒಂದೇ ಶಾಲೆಗೆ ಸೇರಿಸಿದಾಗ, ಅವರು ಆಟದ ಬಯಲಲ್ಲೂ ಬಸ್ಸಿನಲ್ಲೂ ತಮ್ಮತಮ್ಮೊಳಗೇ ಹೊಸದೊಂದು ಸನ್ನೆಭಾಷೆಯನ್ನು ಹುಟ್ಟುಹಾಕಿದರು. ಚಿಕ್ಕ ವಯಸ್ಸಿನಲ್ಲಿ ಬಂದು ಸೇರಿದವರು ಅದಕ್ಕೆ ವ್ಯಾಕರಣ ಕೊಟ್ಟರು. ಮಾತಾಡಿಸಲು ಒಬ್ಬರಿಗೊಬ್ಬರು ಸಿಕ್ಕದ್ದೇ ಸಾಕಾಗಿತ್ತು.

ಆದ್ದರಿಂದ ಸಭೆಯ ಮುಂದೆ ಕೆಲಸಕ್ಕೆ ಬರುವ ಎರಡು ಬೇಡಿಕೆಗಳಿವೆ. ಮಗುವಿನ ಬೆನ್ನ ಹಿಂದೆ ತಾಟು ಬಡಿದಾಗ ಬೆಚ್ಚದಿದ್ದರೆ, ವರ್ಷ ತುಂಬಿದರೂ ಹೆಸರು ಕರೆದಾಗ ತಿರುಗದಿದ್ದರೆ, ಅಂಗನವಾಡಿ ಅಕ್ಕ ಅದನ್ನು ಬರೆದಿಟ್ಟು ಅದೇ ತಿಂಗಳು ಆರೋಗ್ಯ ತಪಾಸಣಾ ತಂಡಕ್ಕೆ ತೋರಿಸಲಿ, ಮುಂದಿನ ವರ್ಷಕ್ಕೆ ಬಿಡುವುದು ಬೇಡ. ಎರಡನೆಯದು, ಮಹಾರಾಷ್ಟ್ರದ ಮಹಿಳಾ ಮತ್ತು ಬಾಲವಿಕಾಸ ಇಲಾಖೆ ವಲಸೆ ಹೋಗುವ ತಾಯಿ-ಮಕ್ಕಳ ಲೆಕ್ಕ ಇಡುವ ವ್ಯವಸ್ಥೆ ಮಾಡಿದೆ. ಊರು ಬಿಟ್ಟ ಮಗುವಿಗೆ ಹೋದಲ್ಲಿಯೂ ಆಹಾರ, ಲಸಿಕೆ ಸಿಗಲಿ ಎಂಬುದು ಅದರ ಉದ್ದೇಶ. ಆ ನೋಂದಣಿಯಲ್ಲಿ ಮಗುವಿನ ಮನೆಮಾತು ಯಾವುದೆಂಬ ಒಂದು ಅಂಕಣ ಸೇರಲಿ. ಸಕ್ಕರೆ ಕಾರ್ಖಾನೆಯ ಪಕ್ಕದ ಕೊಪ್ಪಿಗಳಲ್ಲಿ, ಅಂದರೆ ಗುಡಿಸಲುಗಳಲ್ಲಿ, ಜತ್ತದ ಕಡೆಯ ಮಕ್ಕಳು ಹೆಚ್ಚಿರುವಲ್ಲಿ ಹಂಗಾಮು ಮುಗಿಯುವವರೆಗೆ ಕನ್ನಡ ಬಲ್ಲ ಒಬ್ಬ ಸೇವಿಕೆಯನ್ನು ನೇಮಿಸಲಿ. ಟೋಳಿಯ ಜೊತೆಯಲ್ಲೇ ಹೋಗುವ, ಕಬ್ಬು ಕಡಿಯಲಾರದ ಹಿರಿಯ ಹೆಂಗಸರಲ್ಲಿ ಒಬ್ಬರನ್ನು ಆ ಕೆಲಸಕ್ಕೆ ತೆಗೆದುಕೊಂಡು ಕೂಲಿ ಕೊಡಬಹುದು. ಈ ತಾಲೂಕಿನ ಗ್ರಾಮಸಭೆಗಳು ಮುಂದಿನ ಹಂಗಾಮಿಗೆ ಮುನ್ನ ಠರಾವು ಮಾಡಿ ಜಿಲ್ಲಾ ಪರಿಷತ್ತಿಗೆ ಕಳಿಸುವುದಾದರೆ, ಅದರ ಕರಡನ್ನು ಸಿದ್ಧಪಡಿಸಲು ಇಲ್ಲಿ ಕೂತಿರುವ ಶಿಕ್ಷಕರೇ ಸಾಕು.